ನೀಲಿ ಹೂವಿನ ಬಗ್ಗೆ ಒಂದು ತಿದ್ದುಪಡಿ

ಎರಡು ವರ್ಷದ ಹಿಂದೆ ಪತ್ರಿಕೆಯ ಪುರವಣಿಗೆ ನಾವೊಂದು ಬರಹ ಕಳಿಸಿದ್ದೆವು. ನಮ್ಮ ಮನೆಯಂಗಳದ ಹೈಡ್ರೇಂಜಿಯ ಗಿಡಗಳು ನೀಲಿ ಬಣ್ಣ ಯಾಕೆ ಕಳೆದುಕೊಳ್ಳುತ್ತಿವೆ ಅನ್ನುವುದು ವಿಷಯ. ಫೋಟೊ ಸಮೇತ ಅರ್ಧ ಪುಟ ಬಂತು. ಅದರಲ್ಲಿ ಮಣ್ಣಿನ ಬಗ್ಗೆ ಬರೆದದ್ದೆಲ್ಲ ಸರಿಯಿತ್ತು. ಸುದ್ದಿ ಮಾತ್ರ ತಪ್ಪಾಗಿತ್ತು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುವಷ್ಟು ದೊಡ್ಡ ವಿಷಯವಲ್ಲ ಅಂತ ಆಗ ಸುಮ್ಮನಾದೆವು. ಆದರೆ ಆ ತಪ್ಪಿನಿಂದ ನಮ್ಮ ಅವ್ವನಿಗೆ, ಅಷ್ಟೇ ಯಾಕೆ, ಇಡೀ ಮನೆಗೇ ಏನಾಗಬಹುದಿತ್ತು ಅಂತ ನೆನೆದರೆ ಈಗಲೂ ರಾತ್ರಿ ನಿದ್ದೆ ಹಾರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಹೂವಿನ ಗಿಡದ ಹುಚ್ಚು ಇರುವವರಿಗೂ ಉಪಯೋಗಕ್ಕೆ ಬಂದೀತು, ಮನೆಯಲ್ಲಿ ವಯಸ್ಸಾದವರು ಇರುವವರಿಗೂ.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಒಂದಿಷ್ಟು ಅಡಿಕೆ, ಅದರ ನೆರಳಲ್ಲಿ ಕಾಫಿ, ಕಾಳುಮೆಣಸು. ತೋಟದ ಆದಾಯ ಸಾಲದೆ ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ. ಅವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು.

ನಮ್ಮ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆ ಎಸ್ಟೇಟಿನ ಬಂಗಲೆ ಮುಂದೆ ಸಾಲಾಗಿ ಈ ಗಿಡ ಇದ್ದವಂತೆ. ಮದುವೆಯಾದ ಹೊಸತರಲ್ಲಿ ಆಯುಧ ಪೂಜೆಗೆ ಅಂತ ಹೋದ ಅವ್ವ ಬರುವಾಗ ಒಂದು ಗೆಲ್ಲು ಮುರಿದು ಸೆರಗಿನೊಳಗೆ ಇಟ್ಟುಕೊಂಡು ಬಂದಳು. ಕೇಳಿದ್ದರೆ ಕೊಡುತ್ತಿದ್ದರು. ಆದರೆ ಕದ್ದು ತಂದ ಗೆಲ್ಲೇ ಚೆನ್ನಾಗಿ ಬೇರು ಬಿಡುತ್ತದೆ ಅನ್ನುವುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಹೈಡ್ರೇಂಜಿಯ ಅನ್ನುವ ಹೆಸರು ಅವಳ ಬಾಯಲ್ಲಿ ‘ಐಡ್ರಾಂಜಿ’ ಆಯಿತು. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಹೆಸರು.

ಆ ಒಂದು ಗೆಲ್ಲಿನಿಂದ ಹನ್ನೊಂದು ಗಿಡ ಆದವು. ಜಗಲಿ ಪಕ್ಕ ಒಂದು ಸಾಲು, ಆರು ಗಿಡ. ಅಂಗಳದ ಆಚೆ ಬದಿ, ತೋಟಕ್ಕೆ ಔಷಧಿ ಕಲಸುವ ಡ್ರಮ್ಮಿನ ಹತ್ತಿರ ನಾಲ್ಕು. ಬಾವಿ ಹಿಂದೆ ಒಂಟಿಯಾಗಿ ಒಂದು. ಎಲ್ಲಿ ಯಾವುದಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಹೂವನ್ನು ನೋಡದವರಿಗೆ ಎರಡು ಮಾತು. ಗಿಡ ಸೊಂಟದೆತ್ತರ ಬೆಳೆಯುತ್ತದೆ, ಬಿಟ್ಟರೆ ಇನ್ನೂ ಎತ್ತರ. ಅಂಗೈ ಅಗಲದ ದಪ್ಪ ಎಲೆ. ತುದಿಯಲ್ಲಿ ದೊಡ್ಡ ಚೆಂಡಿನ ಹಾಗೆ ಗೊಂಚಲು. ಮೊದಲು ಹಸಿರು ಮಿಶ್ರಿತ ಬಿಳಿ, ಆಮೇಲೆ ದಿನ ದಿನಕ್ಕೂ ಬಣ್ಣ ತುಂಬಿಕೊಳ್ಳುತ್ತದೆ. ನಾವು ಎಸಳು ಅಂದುಕೊಳ್ಳುವುದು ನಿಜವಾದ ಎಸಳಲ್ಲ, ಹೂವಿನ ಹೊರಪೊರೆ. ಅದಕ್ಕೇ ಬೇಗ ಉದುರುವುದಿಲ್ಲ, ವಾರಗಟ್ಟಲೆ ಹಾಗೇ ನಿಲ್ಲುತ್ತದೆ. ಮೂಲ ಜಪಾನ್. ಅಲ್ಲಿ ಇದಕ್ಕೆ ‘ಅಜಿಸಾಯಿ’ ಅಂತ ಹೆಸರು, ಜೂನ್ ತಿಂಗಳ ಮಳೆಗಾಲದ ಹೂ. ನಮ್ಮ ಮಲೆನಾಡಿನಲ್ಲೂ ಮೇ ತಿಂಗಳಿಗೆ ಶುರುವಾಗಿ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತದೆ. ಡೇರೆ ಹೂವಿನ ಹಾಗೆ ಪ್ರತಿ ವರ್ಷ ಗೆಡ್ಡೆ ಕಿತ್ತು ಎತ್ತಿಡುವ ಕೆಲಸ ಇಲ್ಲ. ಒಮ್ಮೆ ಹಿಡಿದರೆ ಹಿಡಿದ ಹಾಗೆ.

ಮೂರ್ನಾಲ್ಕು ವರ್ಷದಿಂದ ಅವ್ವ ಒಂದೇ ರಾಗ ತೆಗೆಯುತ್ತಿದ್ದಳು.

“ಈ ಸಲವೂ ನೀಲಿ ಸರಿಯಾಗಿ ಬರ್ಲಿಲ್ಲ ಕಣ್ರಾ. ಬೂದಿ ಬಣ್ಣ ಬಂದಿದೆ.”

ನಾವು ನೋಡಿದರೆ ಡ್ರಮ್ಮಿನ ಹತ್ತಿರದ ನಾಲ್ಕು ಗಿಡ ನಿಜಕ್ಕೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಜಗಲಿ ಸಾಲು ನಮ್ಮ ಕಣ್ಣಿಗೆ ನೀಲಿಯೇ ಇತ್ತು. “ಇದು ನೀಲಿ ಇದೆಯಲ್ಲವ್ವ” ಅಂದರೆ, “ಎಂಥ ನೀಲಿ, ಮೊದಲು ಹೆಂಗಿತ್ತು ಗೊತ್ತಾ ನಿಮಗೆ” ಅನ್ನುತ್ತಿದ್ದಳು. ವಯಸ್ಸಾದವರ ಮಾತು ಹಾಗೇ ಅಲ್ಲವೇ ಅಂತ ನಾವು ಬಿಟ್ಟೆವು. ಮೊದಲಿನ ಅಕ್ಕಿಗೆ ಇದ್ದ ಪರಿಮಳ ಈಗಿಲ್ಲ, ಮೊದಲಿನ ಮಳೆ ಈಗಿಲ್ಲ, ಮೊದಲಿನ ನೀಲಿಯೂ ಈಗಿಲ್ಲ. ಅದೇ ಸಾಲಿನ ಇನ್ನೊಂದು ಮಾತು ಅಂದುಕೊಂಡೆವು. ಗುಲಾಬಿ ಗೊಂಚಲು ಮುಟ್ಟಿ, “ಇದೊಂದು ಪರವಾಗಿಲ್ಲ, ಇದರ ಬಣ್ಣ ಲಾಯಕ್ಕಿದೆ” ಅಂದಿದ್ದನ್ನೂ ಕೇಳಿಸಿಕೊಂಡೆವು. ಅದರಲ್ಲಿ ಏನಿದೆ ಅಂತ ಹೊಳೆಯಲಿಲ್ಲ.

ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದವರಲ್ಲವೇ, ಕಾರಣ ಹುಡುಕಲು ಹೊರಟೆವು.

ಹೈಡ್ರೇಂಜಿಯದ ಬಣ್ಣದ ಗುಟ್ಟು ಇಷ್ಟು. ನೀಲಿ ಹೂವಿನಲ್ಲೂ ಗುಲಾಬಿ ಹೂವಿನಲ್ಲೂ ಇರುವ ಬಣ್ಣದ ಅಂಶ ಒಂದೇ. ಅದಕ್ಕೆ ಅಲ್ಯುಮಿನಿಯಂ ಸೇರಿದರೆ ನೀಲಿ, ಸೇರದಿದ್ದರೆ ಗುಲಾಬಿ. ಅಲ್ಯುಮಿನಿಯಂ ಹೆಚ್ಚುಕಡಿಮೆ ಎಲ್ಲ ಮಣ್ಣಲ್ಲೂ ಇರುತ್ತದೆ. ಆದರೆ ಮಣ್ಣು ಹುಳಿ ಇದ್ದರೆ ಮಾತ್ರ ಕರಗಿ ಬೇರಿಗೆ ಸಿಗುತ್ತದೆ. ಮಣ್ಣಿನ ರಸಸಾರ, ಅಂದರೆ ಪಿಎಚ್, 5.5ಕ್ಕಿಂತ ಕೆಳಗಿದ್ದರೆ ಹೂ ನೀಲಿ. 6.5 ದಾಟಿದರೆ ಗುಲಾಬಿ. ನಡುವೆ ಇದ್ದರೆ ನೇರಳೆ, ಇಲ್ಲವೇ ಒಂದೇ ಗಿಡದಲ್ಲಿ ಎರಡೂ ಬಣ್ಣ. ಬಿಳಿ ಜಾತಿಯ ಗಿಡಕ್ಕೆ ಈ ಲೆಕ್ಕ ಇಲ್ಲ, ಅದು ಎಲ್ಲಿ ನೆಟ್ಟರೂ ಬಿಳಿಯೇ.

ಮಲೆನಾಡಿನ ಜೋರು ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅದಕ್ಕೇ ಕಾಫಿ ತೋಟದವರು ಆಗಾಗ ಸುಣ್ಣ ಹಾಕುವುದು. ಅದಕ್ಕೇ ನಮ್ಮ ಕಡೆ ಯಾರೂ ಏನೂ ಮಾಡದಿದ್ದರೂ ಐಡ್ರಾಂಜಿ ನೀಲಿ ಬರುವುದು.

ಹಾಗಾದರೆ ಡ್ರಮ್ಮಿನ ಸಾಲಿಗೆ ಏನಾಯಿತು? ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಪ್ರತಿ ವರ್ಷ ಬೋರ್ಡೋ ಕಲಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸೋಸಿದ ಮೇಲೆ ಉಳಿಯುವ ಗಸಿಯನ್ನು ಔಷಧಿ ಹೊಡೆಯುವವರು ಕೈಗೆ ಸಿಕ್ಕ ಕಡೆ ಚೆಲ್ಲುತ್ತಾರೆ. ನಮ್ಮಲ್ಲಿ ಅದು ಹತ್ತು ಹದಿನೈದು ವರ್ಷದಿಂದ ಆ ನಾಲ್ಕು ಗಿಡದ ಬುಡಕ್ಕೆ ಬೀಳುತ್ತಿತ್ತು. ಸಾಲದ್ದಕ್ಕೆ ಒಲೆಯ ಬೂದಿಯೂ ಅಲ್ಲಿಗೇ. ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತದೆ.

ಆ ಸಾಲಿನ ಮಣ್ಣು ತೆಗೆದು ಪರೀಕ್ಷೆಗೆ ಕೊಟ್ಟೆವು. ರಸಸಾರ 7.1 ಅಂತ ಬಂತು. ನಮಗೆ ಅಷ್ಟೇ ಸಾಕಾಯಿತು. ಚೀಟಿ ಕೈಗೆ ಬಂದ ರಾತ್ರಿಯೇ ಬರೆಯಲು ಕೂತೆವು. ‘ಸುಣ್ಣದಿಂದಾಗಿ ಮನೆಯಂಗಳದ ಹೂಗಳೆಲ್ಲ ನೀಲಿ ಕಳೆದುಕೊಳ್ಳುತ್ತಿವೆ, ನಲವತ್ತು ವರ್ಷದಿಂದ ಗಿಡ ಸಾಕಿದ ಹಿರಿಯ ಜೀವ ಇದನ್ನು ಮೊದಲು ಗುರುತಿಸಿದೆ’ ಅನ್ನುವ ಅರ್ಥದಲ್ಲಿ ಬರೆದೆವು. ನಾಲ್ಕು ಗಿಡದ ಮಣ್ಣು ನೋಡಿ ಹನ್ನೊಂದು ಗಿಡದ ಸುದ್ದಿ ಬರೆದಿದ್ದೆವು.

ಪುರವಣಿ ಬಂದ ದಿನ ಅವ್ವ ಕನ್ನಡಕ ಹಾಕಿಕೊಂಡು ಜಗಲಿಗೆ ಬಂದಳು. ಪೇಪರನ್ನು ಬೆಳಕಿಗೆ ಹಿಡಿದು ಫೋಟೊ ನೋಡಿದಳು. ಅದು ಜಗಲಿ ಸಾಲಿನದೇ ಫೋಟೊ.

“ಪೇಪರಿನವರ ಇಂಕೂ ಸರಿ ಇಲ್ಲ. ಇಲ್ಲೂ ಬೂದಿ ಬಣ್ಣವೇ ಬಂದಿದೆ” ಅಂದಳು.

ನಾವು ನಕ್ಕೆವು. ಅವಳೂ ನಕ್ಕಳು. ಆ ಬರಹಕ್ಕೆ ಬಂದ ದುಡ್ಡಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಮುಂದಿನ ಸುದ್ದಿಗೆ ಹೋದೆವು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅವ್ವನಿಗೆ ನೀಲಿ ತಂದುಕೊಡುತ್ತೇವೆ ಅಂತ ಹಟ ಹಿಡಿದೆವು. ನೀಲಿ ಬರಿಸಲು ಪಟಿಕ ಹಾಕುವ ಪದ್ಧತಿ ಇದೆ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ ಬಿಳಿ ಕಲ್ಲು. ಅದರಲ್ಲಿ ಅಲ್ಯುಮಿನಿಯಂ ಇದೆ, ಮಣ್ಣನ್ನು ಹುಳಿಯೂ ಮಾಡುತ್ತದೆ. ಅಳತೆ ಮೀರಬಾರದು: ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪುಡಿ, ಅದೂ ಮೊದಲೇ ಒದ್ದೆಯಾಗಿರುವ ಮಣ್ಣಿಗೆ, ಎಲೆಗೆ ತಾಗದ ಹಾಗೆ. ನಾವು ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಹಿಡಿ ಹಿಡಿ ಪುಡಿಯನ್ನು ಬುಡಕ್ಕೇ ಸುರಿದೆವು. ಡ್ರಮ್ಮಿನ ಸಾಲಿಗೂ ಹಾಕಿದೆವು, ಜಗಲಿ ಸಾಲಿಗೂ ಹಾಕಿದೆವು. ಇವೂ ಇವತ್ತಲ್ಲ ನಾಳೆ ಹಾಗೇ ಆಗುತ್ತವೆ, ಮುನ್ನೆಚ್ಚರಿಕೆ ಇರಲಿ ಅಂತ. ಬಾವಿ ಹಿಂದಿನ ಒಂಟಿ ಗಿಡ ಮರೆತೇ ಹೋಯಿತು.

ಡ್ರಮ್ಮಿನ ಸಾಲಿನ ಸುಣ್ಣ ಪಟಿಕವನ್ನು ತಡೆದುಕೊಂಡಿತು. ಮೊದಲೇ ಹುಳಿ ಇದ್ದ ಜಗಲಿ ಸಾಲಿನಲ್ಲಿ ಬೇರು ಸುಟ್ಟವು. ಎಲೆ ಅಂಚು ಕಂದಾಗಿ, ಆಮೇಲೆ ಇಡೀ ಗೆಲ್ಲು ಒಣಗಿ, ದೀಪಾವಳಿ ಕಳೆಯುವಷ್ಟರಲ್ಲಿ ಮೂರು ಗಿಡ ಹೋದವು. ಸುತ್ತೂರಿಗೆಲ್ಲ ಗೆಲ್ಲು ಕೊಟ್ಟ ಗಿಡಗಳು ಅವು.

ಜನವರಿಯಲ್ಲಿ ಉಳಿದವುಗಳನ್ನಾದರೂ ಚೆಂದ ಮಾಡೋಣ ಅಂತ ಕತ್ತಿ ತೆಗೆದುಕೊಂಡು ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಸವರಿದೆವು. ಗುಲಾಬಿ ಗಿಡ ಸವರುವ ಹಾಗೆ. ಹೈಡ್ರೇಂಜಿಯ ಹಾಗಲ್ಲ. ಮುಂದಿನ ವರ್ಷದ ಹೂವಿನ ಮೊಗ್ಗು ಈ ವರ್ಷದ ಗೆಲ್ಲಿನ ತುದಿಯಲ್ಲಿ, ರಾತ್ರಿಯ ಚಳಿ ಬಿದ್ದಾಗ ಕಟ್ಟಿಕೊಳ್ಳುತ್ತದೆ. ಹೂ ಮುಗಿದ ಕೂಡಲೇ, ಅಂದರೆ ಸೆಪ್ಟೆಂಬರ್ ಸುಮಾರಿಗೆ ಸವರಿದರೆ ಸರಿ. ಜನವರಿಯಲ್ಲಿ ಸವರಿದರೆ ಬರುವ ವರ್ಷದ ಹೂವನ್ನೇ ಕಡಿದ ಹಾಗೆ. ಅವ್ವ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. “ಎಷ್ಟು ತೆಗೀತಿದ್ದೀರಾ?” ಅಂತ ಒಮ್ಮೆ ಕೇಳಿದಳು. “ಸ್ವಲ್ಪ ತುದಿ” ಅಂದೆವು. ಅವಳು ಸರಿ ಅಂದಳು. ಹತ್ತು ಹೆಜ್ಜೆ ದೂರದಲ್ಲಿ ಗಿಡ ಮೊಣಕಾಲಿಗೆ ಇಳಿದಿದೆ, ಅವಳಿಗೆ ತಿಳಿಯಲಿಲ್ಲ. ಅದೂ ನಮಗೆ ಹೊಳೆಯಲಿಲ್ಲ.

ಮಾರ್ಚ್ ತಿಂಗಳು ಬಂತು. ಅಪ್ಪೆಮಿಡಿಯ ಕಾಲ. ಅವ್ವನ ಕೈಯ ಮಿಡಿ ಉಪ್ಪಿನಕಾಯಿಗೆ ನೆಂಟರೆಲ್ಲ ಕಾಯುತ್ತಿರುತ್ತಾರೆ. ಮಿಡಿ ತೊಳೆದು ಒರೆಸಿ ಆಗಿತ್ತು. ಅವ್ವ ಉಗ್ರಾಣದಿಂದ ಡಬ್ಬಿ ತಂದು, ಕಲ್ಲುಪ್ಪು ಅಂತ ಮುಷ್ಟಿ ತೆಗೆದು ಭರಣಿಯ ಮೇಲೆ ಹಿಡಿದಿದ್ದಳು. ಅಷ್ಟರಲ್ಲಿ ನಮ್ಮನೆಯವಳು ಒಳಗೆ ಬಂದಳು. ಅವ್ವನ ಬೆರಳ ಸಂದಿಯಲ್ಲಿ ಏನೋ ನೀಲಿ ಕಂಡು ಕೂಗಿಕೊಂಡಳು.

“ಅತ್ತೆ, ಹಾಕಬೇಡಿ! ಅದು ಮೈಲುತುತ್ತ!”

ಹಿಂದಿನ ವರ್ಷದ ಔಷಧಿಗೆ ತಂದು ಉಳಿದಿದ್ದ ಮೈಲುತುತ್ತ. ಹಳೆಯದಾದ್ದರಿಂದ ಮೇಲೆಲ್ಲ ಬಿಳಿಚಿಕೊಂಡಿತ್ತು. ಆದರೂ ಯಾರು ನೋಡಿದರೂ ನೀಲಿ ಅನ್ನುವ ಹಾಗಿತ್ತು. ಅದನ್ನು ಹಳೆಯ ಅಡುಗೆ ಡಬ್ಬಿಯಲ್ಲಿ ಹಾಕಿ ಉಗ್ರಾಣದ ಅಟ್ಟದಲ್ಲಿ ಇಟ್ಟಿದ್ದು ನಾವೇ. ಆ ಭರಣಿಯ ಉಪ್ಪಿನಕಾಯಿ ನಾವು ತಿನ್ನುತ್ತಿದ್ದೆವು, ಮಕ್ಕಳು ತಿನ್ನುತ್ತಿದ್ದರು, ಬೆಂಗಳೂರಿನ ನೆಂಟರಿಗೂ ಕಟ್ಟಿ ಕಳಿಸುತ್ತಿದ್ದೆವು.

ಕೈ ತೊಳೆಸಿ ಅವ್ವನನ್ನು ಕೂರಿಸಿದೆವು. ಅವಳು ಅಳಲಿಲ್ಲ. ತುಂಬ ಹೊತ್ತು ಕೈಯನ್ನೇ ತಿರುಗಿಸಿ ನೋಡಿಕೊಂಡಳು.

“ನಂಗೆ ಬಿಳೀನೇ ಕಂಡದ್ದು ಮಗಾ” ಅಂದಳು.

ಆಗ ಒಂದೊಂದೇ ನೆನಪಾಯಿತು. ಬೂದಿ ಬಣ್ಣದ ಹೂ. ಇಂಕು ಸರಿ ಇಲ್ಲದ ಪೇಪರು. ಕಾಣದೇ ಹೋದ ಮೊಣಕಾಲೆತ್ತರದ ಗಿಡ. ನಾಲ್ಕು ವರ್ಷದಿಂದ ಅವ್ವ ನಮಗೆ ಹೇಳುತ್ತಲೇ ಇದ್ದಳು. ಗಿಡದ ಬಗ್ಗೆ ಹೇಳುತ್ತಿದ್ದೇನೆ ಅಂತ ಅವಳೂ ಅಂದುಕೊಂಡಿದ್ದಳು, ನಾವೂ ಅಂದುಕೊಂಡಿದ್ದೆವು.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ, ಚೆನ್ನಾಗಿ ಬಲಿತಿದೆ ಅಂದರು. ನಾವು ಹೂವಿನ ಕಥೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಹಳದಿಯಾಗುತ್ತಾ, ಕಂದಾಗುತ್ತಾ ಹೋಗುತ್ತದಂತೆ. ಹಳದಿ ಗಾಜಿನ ಮೂಲಕ ನೋಡಿದ ಹಾಗೆ. ಮೊದಲು ತಡೆಯುವುದು ನೀಲಿ ಬೆಳಕನ್ನು. ಕೆಂಪು, ಗುಲಾಬಿಗೆ ಅಷ್ಟು ತೊಂದರೆಯಿಲ್ಲ. ನಿಧಾನಕ್ಕೆ ಆಗುವುದರಿಂದ ಅವರಿಗೇ ಗೊತ್ತಾಗುವುದಿಲ್ಲ, ಲೋಕವೇ ಮಸುಕಾಗಿದೆ ಅಂದುಕೊಳ್ಳುತ್ತಾರೆ ಅಂದರು. ಗುಲಾಬಿ ಗೊಂಚಲಿನ ಬಣ್ಣ ಲಾಯಕ್ಕಿದೆ ಅಂತ ಅವ್ವ ಯಾಕೆ ಅಂದಿದ್ದಳು ಅಂತ ಆಗ ತಿಳಿಯಿತು.

ಏಪ್ರಿಲಿನಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಹಳೆಯ ಮಸೂರ ತೆಗೆದು ಹೊಸ ಲೆನ್ಸ್ ಕೂರಿಸಿದರು. ಅದೇ ದಿನ ಮನೆಗೆ ಬಂದೆವು. ಕೆಲವು ವಾರ ಹೊತ್ತು ಹೊತ್ತಿಗೆ ಡ್ರಾಪ್ಸ್, ಕಣ್ಣಿಗೆ ನೀರು ತಾಗಿಸುವ ಹಾಗಿಲ್ಲ, ಒಲೆಯ ಹೊಗೆಗೆ ಹೋಗುವ ಹಾಗಿಲ್ಲ. ಅವ್ವನನ್ನು ಒಲೆಯಿಂದ ದೂರ ಇಟ್ಟಿದ್ದೇ ನಮಗೆ ಇಡೀ ಆಪರೇಷನ್ನಿಗಿಂತ ಕಷ್ಟದ ಕೆಲಸ.

ಮೇ ಬಂತು. ಎಲ್ಲ ಗಿಡವನ್ನೂ ಜನವರಿಯಲ್ಲಿ ಸವರಿದ್ದೆವಲ್ಲ, ಎಲೆ ಬಂತು, ಹೂ ಇಲ್ಲ. ಅವ್ವನಿಗೆ ಕಣ್ಣು ಬಂದ ವರ್ಷವೇ ಅಂಗಳದಲ್ಲಿ ನೀಲಿ ಇಲ್ಲ. ನಮಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಒಂದು ಸಂಜೆ ಅವಳೇ ಬಾವಿ ಹಿಂದಿನಿಂದ ಕೂಗಿದಳು. ಓಡಿ ಹೋದೆವು, ಬಿದ್ದಳೇನೋ ಅಂತ. ಬಿದ್ದಿರಲಿಲ್ಲ. ಅಲ್ಲಿನ ಒಂಟಿ ಗಿಡವನ್ನೂ ಸವರಿದ್ದೆವು. ಆದರೆ ಒಂದು ಗೆಲ್ಲು ಬಾವಿಕಟ್ಟೆಯ ಹಿಂದಕ್ಕೆ ಬಾಗಿ ಕತ್ತಿಗೆ ಸಿಗದೆ ಉಳಿದಿತ್ತು. ಅದರ ತುದಿಯಲ್ಲಿ ಒಂದು ಗೊಂಚಲು.

ಅವ್ವ ಅದರ ಎದುರು ನಿಂತು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಬಲಗಣ್ಣು ಮುಚ್ಚಿಕೊಂಡಳು. ಮತ್ತೆ ಎಡಗಣ್ಣು. ಹೀಗೇ ಎಷ್ಟೋ ಸಲ.

“ಇದರಲ್ಲಿ ನೋಡಿದ್ರೆ ನೀಲಿ. ಇದರಲ್ಲಿ ನೋಡಿದ್ರೆ ಬೂದಿ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಗಿಡಕ್ಕೆ ಎಂಥದೂ ಆಗಿರ್ಲಿಲ್ಲ ಹಂಗಾದ್ರೆ. ಸುಮ್ನೆ ಮೂರು ಗಿಡ ಸಾಯಿಸಿದ್ರಿ” ಅಂದಳು.

ಬೈದದ್ದಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದಳು. ನಮಗೆ ಉತ್ತರ ಇರಲಿಲ್ಲ. ಆಮೇಲೆ ಆ ಬಾವಿ ಗಿಡದ ಬುಡದ ಮಣ್ಣನ್ನೂ ಪರೀಕ್ಷೆಗೆ ಕೊಟ್ಟೆವು. ಪಟಿಕ ಬೀಳದ ಮಣ್ಣು. ರಸಸಾರ 5.2. ಮೊದಲೇ ಇದನ್ನೂ ಕೊಟ್ಟಿದ್ದರೆ ಬರಹವೂ ಬೇರೆಯಾಗುತ್ತಿತ್ತು, ಗಿಡವೂ ಉಳಿಯುತ್ತಿತ್ತು, ಬಹುಶಃ ಅವ್ವನ ಕಣ್ಣಿನ ವಿಷಯ ಒಂದು ವರ್ಷ ಮೊದಲೇ ಬೆಳಕಿಗೆ ಬರುತ್ತಿತ್ತು. ಸುದ್ದಿಗೆ ಎರಡು ಮೂಲ ಬೇಕು ಅಂತ ಡಿಪ್ಲೊಮಾದಲ್ಲಿ ಕಲಿಸಿದ್ದರು. ಪಂಚಾಯ್ತಿ ಜಗಳದ ಸುದ್ದಿಗೆ ಅದನ್ನು ತಪ್ಪದೆ ಪಾಲಿಸುತ್ತೇವೆ. ಮನೆಯ ಸುದ್ದಿಗೆ ಬೇಡ ಅಂದುಕೊಂಡಿದ್ದೆವು.

ಎಡಗಣ್ಣಿನ ಆಪರೇಷನ್ ನವೆಂಬರಿನಲ್ಲಿ ಆಯಿತು.

ಈಗ ಮನೆಯಲ್ಲಿ ಏನು ಮಾಡುತ್ತಿದ್ದೇವೆ ಅಂತ ಹೇಳಿಬಿಡುತ್ತೇವೆ. ಇದರಲ್ಲಿ ಹೆಚ್ಚಿನದು ಅವ್ವ ಮೊದಲಿನಿಂದ ಮಾಡುತ್ತಿದ್ದದ್ದೇ.

ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಗೆಲ್ಲು ಊರುತ್ತೇವೆ. ಹೂ ಬಿಡದ, ಪೆನ್ಸಿಲ್ ದಪ್ಪದ ಗೆಲ್ಲು ಬೇಕು. ನಾಲ್ಕೈದು ಇಂಚು ಉದ್ದ, ಎರಡು ಗಂಟು ಇರಲಿ. ಕೆಳಗಿನ ಗಂಟಿನ ಸ್ವಲ್ಪ ಕೆಳಗೆ ಕತ್ತರಿಸಿ, ಅಲ್ಲಿನ ಎಲೆ ತೆಗೆಯಬೇಕು. ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ಎಲೆಯೇ ನೀರೆಲ್ಲ ಕಳೆದು ಗೆಲ್ಲು ಬಾಡುತ್ತದೆ. ಮರಳು ಬೆರೆಸಿದ ಮಣ್ಣಿನಲ್ಲಿ, ಸೂರಿನ ನೀರು ನೇರ ಬೀಳದ ನೆರಳಲ್ಲಿ ಇಟ್ಟರೆ ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ.

ನೆಡುವ ಜಾಗಕ್ಕೆ ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ ನೆರಳು ಬೇಕು. ಪೂರ್ತಿ ನೆರಳಾದರೆ ಬರೀ ಎಲೆ. ಬೇಸಿಗೆಯ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ. ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆಗೆ ತಾನೇ ಎದ್ದು ನಿಂತರೆ ನೀರು ಸಾಕಾಗಿದೆ ಅಂತ ಅರ್ಥ. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ನೀರು ಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಬುಡಕ್ಕೆ ತರಗೆಲೆ ಹೊದಿಸುತ್ತೇವೆ. ಹಳೆಯ ಕೊಟ್ಟಿಗೆ ಗೊಬ್ಬರ ವರ್ಷಕ್ಕೆ ಒಮ್ಮೆ ಸಾಕು. ನೀಲಿ ಬೇಕಾದವರು ಬೂದಿ, ಸುಣ್ಣ, ಸೋಪಿನ ಬಚ್ಚಲು ನೀರು ಹತ್ತಿರ ಬಿಡಬೇಡಿ. ಡಿಎಪಿಯಂಥ ರಂಜಕ ಹೆಚ್ಚಿರುವ ಗೊಬ್ಬರವೂ ಬೇಡ, ಅದು ಅಲ್ಯುಮಿನಿಯಂ ಬೇರಿಗೆ ಸಿಗದ ಹಾಗೆ ಹಿಡಿದಿಡುತ್ತದೆ. ಗುಲಾಬಿ ಬಣ್ಣವೇ ಇಷ್ಟ ಅನ್ನುವವರು ಸ್ವಲ್ಪ ಸುಣ್ಣ ಹಾಕಿಕೊಳ್ಳಬಹುದು. ಬಯಲುಸೀಮೆಯವರಿಗೆ ಕೊಳವೆಬಾವಿಯ ಗಡಸು ನೀರಿನಲ್ಲಿ ನೀಲಿ ಬರುವುದು ಕಷ್ಟ. ಕುಂಡದಲ್ಲಿ ಬೆಳೆಸಿ, ಮಳೆನೀರು ಹಿಡಿದಿಟ್ಟು ಹಾಕಿ ನೋಡಬಹುದು. ಸೆಕೆ ಊರಿನಲ್ಲಿ ಚಳಿ ಸಾಲದೆ ಮೊಗ್ಗು ಕಟ್ಟುವುದೂ ಕಡಿಮೆ.

ಈ ಗಿಡದ ಎಲೆ, ಮೊಗ್ಗು ತಿಂದರೆ ವಿಷ. ದನ, ಕರು, ಆಡು ಕಟ್ಟುವ ಜಾಗದ ಹತ್ತಿರ ನೆಡಬೇಡಿ. ಸವರಿದ ಗೆಲ್ಲನ್ನು ಕೊಟ್ಟಿಗೆಗೆ ಎಸೆಯಬೇಡಿ.

ಮೈಲುತುತ್ತವನ್ನು ಈಗ ಪಂಪ್‌ಸೆಟ್ ಮನೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಅಡುಗೆಯ ಡಬ್ಬಿಯಲ್ಲಿ ತೋಟದ ಔಷಧಿ ಇಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆಯಿರಿ. ಹಿರಿಯರು ಬಣ್ಣ ಮಾಸಿದೆ ಅಂದರೆ, ಬಲ್ಬು ಮಂಕಾಗಿದೆ ಅಂದರೆ, ಸೂಜಿಗೆ ದಾರ ಪೋಣಿಸಿಕೊಡು ಅಂತ ಪದೇ ಪದೇ ಕರೆದರೆ, ಒಮ್ಮೆ ಕಣ್ಣು ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಆಪರೇಷನ್ ಉಚಿತವಾಗಿ ಮಾಡುತ್ತಾರೆ. ಅಂಧತ್ವ ನಿಯಂತ್ರಣಕ್ಕೆ 1976ರಿಂದಲೇ ರಾಷ್ಟ್ರೀಯ ಕಾರ್ಯಕ್ರಮ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಈ ವರ್ಷ ಮೇ ತಿಂಗಳಲ್ಲಿ ಜಗಲಿ ಸಾಲಿನ ಉಳಿದ ಮೂರು ಗಿಡವೂ ಹೂ ಬಿಟ್ಟವು. ಡ್ರಮ್ಮನ್ನು ತೋಟದೊಳಕ್ಕೆ ಸಾಗಿಸಿದ್ದೇವೆ. ಅಲ್ಲಿನ ನಾಲ್ಕು ಗಿಡದಲ್ಲಿ ಈ ಸಲ ನೇರಳೆ ಬಂದಿದೆ, ಸುಣ್ಣ ತೊಳೆದು ಹೋಗಲು ಇನ್ನೂ ಕೆಲವು ಮಳೆಗಾಲ ಬೇಕು. ಅದಕ್ಕೇನೂ ಹಾಕಬೇಡಿ, ಹಾಗೇ ಬಿಡಿ ಅಂತ ಅವ್ವನ ಅಪ್ಪಣೆ. ಸತ್ತ ಮೂರು ಗಿಡದ ಜಾಗಕ್ಕೆ ಬಾವಿ ಗಿಡದ ಗೆಲ್ಲು ಊರಿ ಆಗಿದೆ.

ಮೊನ್ನೆ ಅವ್ವ ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಐದು ವರ್ಷದ ಹಿಂದೆ ನಾವು ತಂದುಕೊಟ್ಟಿದ್ದ ಒಂದು ಸೀರೆಯನ್ನು ಅವಳು ಒಂದು ಸಲವೂ ಉಟ್ಟಿರಲಿಲ್ಲ. ಕೇಳಿದರೆ ಏನೋ ಒಂದು ನೆಪ ಹೇಳುತ್ತಿದ್ದಳು. ಅವತ್ತು ಅದನ್ನು ಕೈಯಲ್ಲಿ ಹಿಡಿದು ಜಗಲಿಗೆ ಬಂದಳು.

“ಇದು ನೀಲಿ ಅಂತ ನೀವ್ಯಾಕೆ ಹೇಳ್ಲಿಲ್ಲ? ಕರೀ ಸೀರೆ ತಂದಿದ್ದಾರೆ ಅಂತ ಒಳಗೇ ಇಟ್ಟಿದ್ದೆ” ಅಂದಳು.

ನಾವೂ ಕೇಳಿರಲಿಲ್ಲ.